ಒಳಗಿನ ಕ್ಲಚ್ಚು

ನವೆಂಬರ್ 12, ಬುಧವಾರ

ಕಾರು ಬೇಡವೆಂದು ಬಂದುಬಿಟ್ಟೆ. ಮಗಳು ಶೆರಿಲ್‌ಗೆ ಕಾರಣ ಹೇಳಲಾಗಲಿಲ್ಲ.

ನನ್ನ ಎಡ ಮೊಣಕಾಲಿಗೆ ಕ್ಲಚ್ಚು ಆಗುವುದಿಲ್ಲವೆಂದು ಅವಳೇ ಹುಡುಕಿದ್ದ, ಕ್ಲಚ್ಚಿನ ಪೆಡಲೇ ಇಲ್ಲದ ಹಳೆ ಎ.ಎಂ.ಟಿ. ಕಾರು. ಬಿಜೈಯಲ್ಲಿ ಅದನ್ನು ಮಾರುವ ಮುಖೇಶ್ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದ. “ಒಳಗೆ ಮಾಮೂಲಿ ಗೇರು, ಕ್ಲಚ್ಚೇ ಉಂಟು ಆಂಟಿ. ಒತ್ತುವುದು, ಗೇರು ಹಾಕುವುದು ಎರಡೂ ಅದೇ ಮಾಡ್ತದೆ. ಗೇರು ಬದಲಾಗುವಾಗ ಒಮ್ಮೆ ತಡೀತದೆ, ಹೆದರಬೇಡಿ.”

ನಮ್ಮ ಮನೆಯವರ ಕೊನೆಯ ವರ್ಷ, ಅವರ ಎಡಭುಜ ಸೆಟೆದುಕೊಂಡು ಕೈ ಗೇರಿನವರೆಗೆ ಬರುತ್ತಿರಲಿಲ್ಲ. ಇವರು ಕ್ಲಚ್ಚು ಒತ್ತಿ ನಮ್ಮ ಕೊಂಕಣಿಯಲ್ಲಿ “ಆತಾಂ”, ಈಗ, ಅನ್ನುವುದು. ಪಕ್ಕದ ಸೀಟಿನಿಂದ ನಾನು ಗೇರು ಹಾಕುವುದು. ತಡವಾದರೆ ಬೈಗುಳ. ಹಾಗೆಯೇ ಉಳ್ಳಾಲಕ್ಕೂ ಹೋಗಿಬಂದೆವು, ಇಬ್ಬರು ಸೇರಿ ಒಬ್ಬ ಡ್ರೈವರ್. ಎಷ್ಟು ನಗುತ್ತಿದ್ದೆವು!

ಇವತ್ತು ರಸ್ತೆಗಿಳಿದು ತುಸು ವೇಗ ಹಿಡಿದದ್ದೇ ಕಾರು ಒಮ್ಮೆ ತಡೆಯಿತು. ನನ್ನ ಕೈ ಆಗಲೇ ಗೇರಿನ ಮೇಲಿತ್ತು. ಕಿವಿಗೊಟ್ಟು ಕಾದೆ. ಯಾರೂ ಏನೂ ಹೇಳಲಿಲ್ಲ. ಗೇರು ತಾನಾಗಿಯೇ ಬಿತ್ತು.

ಬದಿಗೆ ನಿಲ್ಲಿಸಿದೆ. ಕಣ್ಣು ಕಾಣುತ್ತಿರಲಿಲ್ಲ.

“ಎಂತ ಆಂಟಿ, ಜರ್ಕ್ ಜಾಸ್ತಿ ಆಯ್ತಾ?” ಎಂದ ಮುಖೇಶ್.

ಹೌದು ಎಂದೆ.