ಬೇಲಿಯಿಂದ ಬಂದ ಮೂರು ಬುಡ

ಮಾರ್ಚ್ ೪, ಸೋಮವಾರ. ಬೆಳಿಗ್ಗೆ ೫-೧೫

ಇವರ ಬಿ.ಪಿ. ೧೪೮/೯೨. ಮಾತ್ರೆ ನುಂಗಿದರು. ಟೀ ಅರ್ಧ ಲೋಟ ಬಿಟ್ಟರು. ರಬ್ಬರ್ ಚೆಂಡು ನಿನ್ನೆ ಇಟ್ಟಲ್ಲೇ ಇದೆ, ಹಿಸುಕಿಲ್ಲ. ಮೆಟ್ಟಿಲು ಹತ್ತುವ ಅಭ್ಯಾಸ — ಇಲ್ಲ. "ಕಾಲು ಬರಲ್ಲ ಕಣೇ" ಅಂದರು, ಗೋಡೆ ನೋಡಿಕೊಂಡು.

ಡಾಕ್ಟರು ಬರೆದಿಡಿ ಅಂದದ್ದು ಬಿ.ಪಿ. ಮಾತ್ರ. ಡೈರಿಯಲ್ಲಿ ಜಾಗ ಮಿಗುತ್ತದೆ. ಸುಮ್ಮನೆ ಬಿಡಲು ಮನಸ್ಸಾಗುವುದಿಲ್ಲ.

ಸ್ಟ್ರೋಕ್ ಆಗಿ ಎಂಟು ತಿಂಗಳು. ಬಲಗೈ ಮುಕ್ಕಾಲು ಪಾಲು ವಾಪಸ್ ಬಂತು, ನಡುಕ ಉಳಿಯಿತು. ದೇವರು ಇಷ್ಟು ಉಳಿಸಿದ್ದೇ ದೊಡ್ಡದು. ಆದರೆ ಸಲೂನಿಗೆ ಹೋದ ಮೊದಲ ದಿನವೇ ಒಬ್ಬರ ಕಿವಿಗೆ ಕತ್ತರಿ ತಾಗಿತು. ಒಂದು ಹನಿ ರಕ್ತ. ಅವರು ನಗುತ್ತಲೇ ಎದ್ದು ಹೋದರಂತೆ. ಇವರಿಗೆ ನಗು ಬರಲಿಲ್ಲ. ಕತ್ತರಿ, ಬಾಚಣಿಗೆ ಎಲ್ಲ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಕ್ಕೆ ತಳ್ಳಿದರು. ಮೂವತ್ತೊಂದು ವರ್ಷ ತಲೆ ನೋಡಿದ ಕೈ.

ದೇವರೇ, ಆ ಕೈಗೆ ಮತ್ತೆ ಕತ್ತರಿ ಹಿಡಿಸು. ಬೇರೇನೂ ಕೇಳುವುದಿಲ್ಲ. ಕೇಳುತ್ತೇನೆ, ಸುಳ್ಳು ಯಾಕೆ — ಆದರೆ ಇದು ಮೊದಲು.

ಡ್ಯೂಟಿಗೆ ಹೊತ್ತಾಯಿತು.

ಮಾರ್ಚ್ ೫, ಮಂಗಳವಾರ. ಸಂಜೆ

ಆಸ್ಪತ್ರೆ ಮುಂದಿನ ಗಿಡದ ಬೇಲಿ ಕಿತ್ತರು. ಕಾರು ನಿಲ್ಲಿಸಲು ಜಾಗ ಬೇಕಂತೆ. ಲಾಂಡ್ರಿಗೆ ಸೇರಿ ಹತ್ತೊಂಬತ್ತು ವರ್ಷ, ಅಷ್ಟೂ ವರ್ಷ ನೆಲ ಒರೆಸುವ ಬಟ್ಟೆಗಳನ್ನು ಆ ಬೇಲಿಯ ಮೇಲೇ ಒಣಹಾಕಿದ್ದೇನೆ. ಬೈಸಿಕೊಂಡಿದ್ದೇನೆ, ಮತ್ತೆ ಹಾಕಿದ್ದೇನೆ. ಒಂದು ದಿನವೂ ಬೇಡ ಅನ್ನದ ಗಿಡ. ಜೆಸಿಬಿ ಒಂದೊಂದು ಬಾಯಿಗೆ ಒಂದೊಂದನ್ನು ಕಿತ್ತು ಎಸೆಯಿತು. ಬೇರು ಮೇಲೆ, ತಲೆ ಕೆಳಗೆ.

ಡ್ರೈವರನ ಹತ್ತಿರ ಹೋದೆ.

"ಇದನ್ನೆಲ್ಲ ಏನ್ ಮಾಡ್ತೀಯಪ್ಪ?"

"ಕಸಕ್ಕೆ ಅಕ್ಕ."

"ಮೂರು ನಂಗೆ ಕೊಡು."

"ಒಲೆಗಾ?"

"ಬೆಳೆಸೋಕೆ."

ನನ್ನ ಮುಖ ನೋಡಿದ, ಬುಡ ನೋಡಿದ. "ಮುದಿ ಬುಡ ಅಕ್ಕ ಇವು. ಬೇರೆ ಮನೆಗೆ ಹೋಗಿ ಹೊಂದ್ಕೊಳೋ ವಯಸ್ಸು ದಾಟಿದೆ."

"ನಂಗೂ ಐವತ್ತು. ಹೊಂದ್ಕೊಂಡೇ ಹೋಗ್ತಾ ಇದೀನಿ."

ನಕ್ಕುಬಿಟ್ಟ. ತಾನೇ ಇಳಿದು ಮೂರು ಒಳ್ಳೆಯ ಬುಡ ಆರಿಸಿದ, ಕೊಂಬೆ ಕಡಿದು ಮೊಳದಷ್ಟು ಮಾಡಿಕೊಟ್ಟ. ಅವನ ಕೈಕಾಲು ಚೆನ್ನಾಗಿರಲಿ. ಸೂಪರ್‌ವೈಸರ್ ಮೇಡಂ ಒಂದು ಹರಕು ಬೆಡ್‌ಶೀಟ್ ಕೊಟ್ಟರು. ಒದ್ದೆ ಮಾಡಿ ಬೇರಿಗೆ ಸುತ್ತಿದೆ. ಆಟೋದವನು ಬಿಳಿ ಗಂಟು ನೋಡಿ, ಆಸ್ಪತ್ರೆ ಬೋರ್ಡು ನೋಡಿ, "ಅಮ್ಮಾ, ಒಳಗೆ ಅಂಥದ್ದೇನೂ ಇಲ್ಲ ತಾನೇ?" ಅಂದ. ಬೇರು ತೋರಿಸಿದ ಮೇಲೆಯೇ ಗಾಡಿ ಸ್ಟಾರ್ಟ್ ಮಾಡಿದ್ದು.

ಮನೆಯಲ್ಲಿ ಇವರು ಒಂದೇ ಸಲ ತಿರುಗಿ ನೋಡಿ, "ಮನೇಲಿ ಒಂದು ಕೊರಡು ಇರೋದು ಸಾಲ್ದಾ?" ಅಂದರು.

ಬೆಡ್‌ಶೀಟಿಗೆ ಇನ್ನೊಂದು ಚೊಂಬು ನೀರು ಸುರಿದೆ.

ಮಾರ್ಚ್ ೭, ಗುರುವಾರ

ಎಕ್ಸ್‌ರೇ ಅಣ್ಣ ಸಿಕ್ಕರು. ನಮ್ಮ ಆಸ್ಪತ್ರೆಯಲ್ಲೇ ಜನರ ಎಲುಬಿನ ಫೋಟೋ ತೆಗೆದು ರಿಟೈರ್ ಆದವರು. ಈಗ ಮನೆ ತುಂಬ ಬೋನ್ಸಾಯ್ ಅಂತೆ, ದೊಡ್ಡ ಮರವನ್ನು ತಟ್ಟೆಯಷ್ಟು ಜಾಗದಲ್ಲಿ ಗಿಡ್ಡಕ್ಕೆ ಬೆಳೆಸುವುದು. ನನ್ನ ಬುಡಗಳ ಸುದ್ದಿ ಕೇಳಿ ಕಣ್ಣರಳಿಸಿದರು. "ಬುಡ ಅಷ್ಟು ದಪ್ಪ ಆಗೋಕೆ ನಾನು ಇನ್ನೊಂದು ಜನ್ಮ ಎತ್ತಬೇಕು. ನಿಂಗೆ ಕಸದಲ್ಲಿ ಸಿಕ್ತಲ್ಲಮ್ಮ!" ಗಿಡದ ಹೆಸರು ಇಂಗ್ಲಿಷಿನಲ್ಲಿ ಏನೋ ಹೇಳಿದರು, ಬಾಯಿಗೆ ಬರಲಿಲ್ಲ.

ಹೇಳಿದ ಹಾಗೆ ಮಾಡಿದೆ. ಲಾಂಡ್ರಿಯ ಒಡಕು ಟಬ್ಬು ಮೂರು. ಕಾಯಿಸಿದ ಕಂಬಿಯಿಂದ ತಳಕ್ಕೆ ತೂತು. ಇಟ್ಟಿಗೆ ಜಜ್ಜಿ, ಜರಡಿ ಹಿಡಿದು, ಹುಡಿ ಬಿಟ್ಟು ಹರಳು ಮಾತ್ರ. ಅದರಲ್ಲಿ ಬುಡ ನೆಟ್ಟು, ಅಲ್ಲಾಡದಂತೆ ಹಗ್ಗ ಕಟ್ಟಿ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಇಟ್ಟೆ. ಇಪ್ಪತ್ತೆರಡು ಮೆಟ್ಟಿಲು, ಒಂಬತ್ತು ಸಲ ಹತ್ತಿ ಇಳಿದೆ. ಸೊಂಟ ನನ್ನದೇ ಹೌದೋ ಅಲ್ಲವೋ ಅನ್ನಿಸುತ್ತಿದೆ.

"ಜೀವ ಇದೆಯೋ ಇಲ್ವೋ ಹೇಗೆ ಗೊತ್ತಾಗತ್ತೆ?" ಅಂತ ಕೇಳಿದ್ದೆ.

"ಉಗುರಲ್ಲಿ ತೊಗಟೆ ಒಂಚೂರು ಕೆರೆದು ನೋಡು. ಒಳಗೆ ಹಸಿರಿದ್ರೆ ಇದೆ."

ಊಟಕ್ಕೆ ಕೂತಾಗ ಇವರಿಗೂ ಇದೆಲ್ಲ ಹೇಳಿದೆ. ಗೋಡೆ ನೋಡಿಕೊಂಡೇ ಉಂಡು ಎದ್ದರು.

ಮಾರ್ಚ್ ೧೨, ಮಂಗಳವಾರ. ಬೆಳಿಗ್ಗೆ

೧೫೦/೯೦.

ಕೆರೆದು ನೋಡಿದೆ. ಮೂರರಲ್ಲೂ ಹಸಿರು! ಅಲ್ಲೇ ಕೈಮುಗಿದೆ. ದಿನಾ ಡ್ಯೂಟಿಗೆ ಮೊದಲು ಹತ್ತಿ ಹೋಗಿ ಒಂದೊಂದು ಗೆರೆ ಎಳೆದು ನೋಡಿ ಬರುತ್ತೇನೆ. ಹಸಿರು ಕಂಡ ದಿನ ಎಷ್ಟು ಗಂಟು ಬೆಡ್‌ಶೀಟ್ ಬಂದರೂ ಬರಲಿ ಅನ್ನಿಸುತ್ತದೆ.

ಮಗಳು ಫೋನ್ ಮಾಡಿದ್ದಳು. "ಅಮ್ಮಾ, ಒಣಗಿದ ಬೊಡ್ಡೆ ತಂದಿಟ್ಟಿದೀಯಂತೆ. ಅಪ್ಪಂಗೆ ಜೊತೆಗಾ?" ಅಂದಳು. ಬೈದೆ. ಬೈದು ನಾನೂ ನಕ್ಕೆ.

ಮಾರ್ಚ್ ೨೫, ಸೋಮವಾರ

ಚಿಕ್ಕ ಬುಡ ಹೋಯಿತು. ಒಳಗೆಲ್ಲ ಕಂದು. ಉಳಿದ ಎರಡರಲ್ಲಿ ನಾನು ಎಳೆಯದ ಗೆರೆಗಳಿವೆ. ಅಳಿಲು ಇರಬೇಕು. ತಂತಿ ಬಲೆ ತಂದು ಸುತ್ತ ಕಟ್ಟಿದೆ.

ಮಾರ್ಚ್ ೨೭, ಬುಧವಾರ

ಬಲೆಯ ಒಳಗೂ ಹೊಸ ಗೆರೆ. ತಂತಿ ಬಿಚ್ಚಿ, ಕೆಲಸ ಮುಗಿಸಿ, ಮತ್ತೆ ಕಟ್ಟಿಟ್ಟು ಹೋಗಿದೆ. ಎಂಥ ಮರ್ಯಾದಸ್ಥ ಅಳಿಲು!

ಏಪ್ರಿಲ್ ೧೪, ಭಾನುವಾರ

೧೫೬/೯೬. ನಡುವೆ ಬರೆಯಲಿಲ್ಲ. ಬಿ.ಪಿ. ಕೂಡ ಬೇರೆ ಚೀಟಿಯಲ್ಲಿ ಬರೆದಿಟ್ಟೆ.

ಎರಡನೆಯದೂ ಹೋಯಿತು. ಮೂರನೆಯದು ಹಸಿರಾಗಿದೆ, ಚಿಗುರಿಲ್ಲ.

ಬೆಳಿಗ್ಗೆ ಇವರು ಚೆಂಡನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ್ದು ಕಂಡೆ. ತಡೆಯಲಾಗಲಿಲ್ಲ. "ಆ ಗಿಡಕ್ಕಿರೋ ಛಲ ನಿಮಗಿಲ್ಲ. ಅದಾದ್ರೂ ಬದುಕೋಕೆ ನೋಡ್ತಿದೆ" ಅಂದೆ. ಮಾತು ಹೊರಗೆ ಬಿದ್ದ ಮೇಲೆ ಹೆಕ್ಕಿಕೊಳ್ಳುವುದಕ್ಕಾಗುತ್ತದೆಯೇ? ಇವರು ತಟ್ಟೆ ಸರಿಸಿ ಎದ್ದರು.

ದೇವರ ಹತ್ತಿರ ತಪ್ಪಾಯಿತು ಅಂದೆ. ಇವರ ಹತ್ತಿರ ಅನ್ನಲಿಲ್ಲ. ಸುಲಭದ ಕಡೆ ಮೊದಲು ಹೋದೆ.

ಏಪ್ರಿಲ್ ೨೧, ಭಾನುವಾರ. ಮಧ್ಯಾಹ್ನ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡದೆ.

ಎಕ್ಸ್‌ರೇ ಅಣ್ಣ ಗಿಡ ನೋಡಲು ಬಂದರು. ಇವರು ಕೆಳಗೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನಾವಿಬ್ಬರು ಮೇಲೆ ಹೋದೆವು. ಅಣ್ಣ ಕನ್ನಡಕ ಏರಿಸಿ ಬಗ್ಗಿದರು.

"ಏನಮ್ಮ ಇದು? ಬಟಾಟೆ ಸುಲಿದ ಹಾಗೆ ಮಾಡಿಟ್ಟಿದೀಯ!"

"ಅಳಿಲು ಅಣ್ಣ."

"ಅಳಿಲಿಗೆ ಹಲ್ಲಿರತ್ತೆ. ಇದು ಉಗುರು. ನೀನೆಷ್ಟು ಸಲ ಕೆರೆದೆ?"

"ದಿನಾ... ಒಂದೊಂದೇ."

"ದಿನಾ!" ತಲೆಯ ಮೇಲೆ ಕೈ ಇಟ್ಟುಕೊಂಡರು. "ನಾ ಹೇಳಿದ್ದು ಒಂದು ಸಲ. ತೊಗಟೆ ಹೋದ್ರೆ ಗಿಡ ಏನು ಉಟ್ಕೊಳತ್ತೆ?" ಮತ್ತೆ ಬಗ್ಗಿದರು. ಮೂವತ್ತು ವರ್ಷ ಬಿರುಕು ಹುಡುಕಿದ ಕಣ್ಣು. "ತಾಳು. ಇಲ್ಲಿ ಎರಡು ಕೈ ಇವೆ. ಇವು ನೇರ ಗೆರೆ, ನಿಂದು. ಇವು ನೋಡು... ಎಳೀತಾ ಎಳೀತಾ ನಡುಗಿವೆ."

ನಡುಗಿವೆ.

ಮುಂದೆ ಅವರು ಏನಂದರೋ ಕೇಳಿಸಲಿಲ್ಲ. ಹೇಗೆ ಇಳಿದೆನೋ ತಿಳಿಯದು. ಇವರ ಮುಂದೆ ನೆಲದ ಮೇಲೆ ಕೂತು ಬಲಗೈ ಎಳೆದುಕೊಂಡೆ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ತೊಗಟೆಯ ಪುಡಿ.

"ಯಾವಾಗಿಂದ?"

"ಏನು ಯಾವಾಗಿಂದ?"

"ಮೆಟ್ಟಿಲು."

ಗೋಡೆ ನೋಡಿದರು. ಗೋಡೆ ಈ ಸಲ ಸಹಾಯಕ್ಕೆ ಬರಲಿಲ್ಲ. "ನೀನು ಡ್ಯೂಟಿಗೆ ಹೋದ್ಮೇಲೆ. ಮೊದಲ ದಿನ ಐದು ಹತ್ತಿದೆ, ಕೂತೆ, ಜಾರ್ಕೊಂಡು ಇಳಿದೆ. ಪೂರ್ತಿ ಹತ್ತೋಕೆ ಎಂಟು ದಿನ ಹಿಡೀತು."

"ಬಲೆ?"

"ಅದೊಂದು ಕಷ್ಟ ಆಯ್ತು. ತಂತಿ ಬಿಚ್ಚೋಕೆ ಅರ್ಧ ಗಂಟೆ, ಕಟ್ಟೋಕೆ ಒಂದು ಗಂಟೆ."

ರಬ್ಬರ್ ಚೆಂಡು ಹಿಸುಕದ ಕೈ!

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಾಳೆಯಿಂದ ಎರಡೆರಡು ಸಲ ಹತ್ತಿ ಅಂತಿದ್ದೆ." ಆಮೇಲೆ ಸಣ್ಣಗೆ, "ಅದು ಸತ್ತಿದ್ರೆ ನಂಗೆ ಮೊದಲು ಗೊತ್ತಾಗ್ಲಿ ಅಂತ. ನೀನೊಬ್ಬಳೇ ಮೇಲೆ ನಿಂತು ಅಳೋದು ಬೇಡ ಅಂತ."

ಆಗ ಅಂದೆ ತಪ್ಪಾಯಿತು ಅಂತ. ಒಂದು ವಾರ ತಡವಾಗಿ.

ಅಣ್ಣ ಬಾಗಿಲಿನಲ್ಲಿ ನಿಂತು ನಗುತ್ತಿದ್ದರು. "ಗಂಡ ಹೆಂಡತಿ ಸೇರಿ ಬದುಕಿದೆಯಾ ಬದುಕಿದೆಯಾ ಅಂತ ನೋಡಿ ನೋಡಿಯೇ ಎರಡನ್ನ ಮುಗಿಸಿದ್ರಿ. ಇನ್ನೊಂದ್ಸಲ ಉಗುರು ತಾಗ್ಸಿದ್ರೆ ನೋಡಿ, ಇಬ್ಬರ ಕೈಗೂ ಎಕ್ಸ್‌ರೇ ಬೇಕಾಗತ್ತೆ!"

ಎರಡು ಗಿಡ ಕೊಂದ ಪಾಪ ತಲೆಯ ಮೇಲಿದೆ. ಆದರೂ ಇಷ್ಟು ಹಗುರಾಗಿ ಕೂತು ಯಾವ ಕಾಲವಾಯಿತು! ದೇವರೇ, ನೀನು ಕೊಟ್ಟಾಗಿತ್ತು. ನನಗೆ ನೋಡಲು ಬರಲಿಲ್ಲ.

ಈ ಹೊತ್ತು ಬಿ.ಪಿ. ಒಂದೇ ಸಲ ನೋಡಿದೆ. ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ.

ಮೇ ೧೨, ಭಾನುವಾರ

ಚಿಗುರು! ಬುಡದ ಹತ್ತಿರ, ತೊಗಟೆ ಉಳಿದ ಕಡೆ, ಸೂಜಿಯ ತಲೆಯಷ್ಟು. ಏಳು. ಮೊದಲು ಕಂಡವರು ಇವರು. ಕೂಗಿ ಕರೆಯಬಹುದಿತ್ತು, ಇಳಿದು ಬಂದು ಕರೆದುಕೊಂಡು ಹೋದರು. ಇಬ್ಬರೂ ಕೈ ಹಿಂದೆ ಕಟ್ಟಿಕೊಂಡು ನೋಡಿದೆವು.

ಜೂನ್ ೯, ಭಾನುವಾರ. ಬೆಳಿಗ್ಗೆ ೧೦

೧೩೬/೮೪.

ಚಿಗುರು ಗೇಣುದ್ದ ಆಗಿವೆ, ಎಡಕ್ಕೆ ಹೆಚ್ಚು. ಇವರಿಗೆ ಮೂರು ದಿನದಿಂದ ಅದೇ ಸಂಕಟ. "ಎಡಗಡೆ ಇಳಿದುಬಿಟ್ಟಿದೆ ಕಣೇ. ಇಂಥ ತಲೆ ಹೊತ್ಕೊಂಡು ಯಾರಾದ್ರೂ ಓಡಾಡ್ತಾರಾ?"

ಇವತ್ತು ಟೀ ಕುಡಿದವರೇ ಕುರ್ಚಿ ಎಳೆದರು. ಹತ್ತಿದರು. ಬೀರುವಿನ ಮೇಲಿಂದ ಗಂಟು ಇಳಿಸಿದರು. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ, ತೊಳೆದದ್ದನ್ನೇ. ಕತ್ತರಿಗೆ ಎಣ್ಣೆ ಬಿಟ್ಟರು, ಒರೆಸಿದರು, ಮೇಲೆ ಹೋದರು. ಹಿಂದೆ ಓಡಿದೆ. ಗಿಡಕ್ಕೆ ಏನಾದರೂ ಆದರೆ ಎಂದು ಎಕ್ಸ್‌ರೇ ಅಣ್ಣನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಒಂದು ವರ್ಷ ಕತ್ತರಿ ಸೋಕಬಾರದು" ಅಂದರು ಅಣ್ಣ.

"ಒಂದು ವರ್ಷಾನಾ! ಜಡೆಗಟ್ಟತ್ತೆ ಸ್ವಾಮಿ!"

"ಗಟ್ಲಿ. ಬೇರು ಹಿಡೀಲಿ ಮೊದಲು. ನಿಮ್ಮ ಕೈ ತುರಿಸಿದ್ರೆ ಬೇರೆ ತಲೆ ನೋಡ್ಕೊಳಿ."

ಫೋನ್ ಇಟ್ಟರು. ಇವರು ಕತ್ತರಿ ಹಿಡಿದು ನಿಂತೇ ಇದ್ದರು. ಗಾಳಿಯಲ್ಲಿ ಎರಡು ಸಲ ಚಿಕ್ ಚಿಕ್ ಅನ್ನಿಸಿದರು. ಆ ಸದ್ದು... ಟ್ಯಾಂಕಿನ ಆಚೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು ಬಂದೆ. ಬಂದಾಗ ನನ್ನನ್ನೇ ನೋಡುತ್ತಿದ್ದರು. ಮುಖ ಅಲ್ಲ, ಜಡೆ.

"ತುದಿಯೆಲ್ಲ ಸೀಳಿ ಪೊರಕೆ ಆಗಿದೆ. ಯಾರೂ ಗಮನಿಸೋರೇ ಇಲ್ವಾ ನಿನ್ನ?"

"ಗಮನಿಸೋರು ರಜದ ಮೇಲಿದ್ರು."

"ನಾಲ್ಕು ಬೆರಳು ತೆಗೀತೀನಿ. ಮುಂದಿನ ಕೂದಲನ್ನೂ ಕಿವಿ ಹತ್ರ ಸರಿ ಮಾಡ್ತೀನಿ." ಕಿವಿ ಅಂದದ್ದು ಬೇಕೆಂದೇ. ಅಂದು ನನ್ನ ಮುಖ ನೋಡಿದರು, ಬೆಚ್ಚುತ್ತೇನೋ ಅಂತ.

"ತಲೆ ನೆನೆಸ್ಕೊಂಡು ಬರ್ತೀನಿ" ಅಂದು ಇಳಿದು ಬಂದೆ.

ನೆನೆಸಿ ಆಯಿತು. ಹಾಳೆಯ ಮೇಲೆ ನೀರು ಬೀಳುತ್ತಿದೆ. ಇವರ ಕೈ ಇನ್ನೂ ನಡುಗುತ್ತದೆ, ಕಂಡೆ. ಹೆದರಿಕೆ ಇಲ್ಲವೇ ಅಂದರೆ ಇದೆ. ಈಗ ನಾನು ಒಂದು ಸಲ ಕತ್ತು ಎಳೆದುಕೊಂಡರೆ ಆ ಗಂಟು ಬೀರುವಿನ ಮೇಲೇರಿ ಮತ್ತೆಂದೂ ಕೆಳಗಿಳಿಯುವುದಿಲ್ಲ, ಅದೂ ಗೊತ್ತು.

ಮೇಲಿಂದ ಕೂಗುತ್ತಿದ್ದಾರೆ. "ಬರ್ತೀಯೋ, ಗಿರಾಕಿ ಕಾಯಿಸ್ತೀಯೋ?" ಗಿರಾಕಿ ನಾನಲ್ಲವೇ? ಸಂತೋಷಕ್ಕೆ ಅದೂ ತಪ್ಪಿಹೋಗಿದೆ ಪಾಪ.

ದೇವರೇ, ಅವರ ಕೈ ನಡುಗಿದರೆ ನಡುಗಲಿ. ನನ್ನ ಕತ್ತು ಅಲುಗದ ಹಾಗೆ ನೋಡಿಕೋ. ಬಂದೆ ಅಂದೆ. ಟವೆಲ್ ಎಲ್ಲಿ —