ಕಾರು ಕೇಳಿದ ಗುಪ್ತ ಪ್ರಶ್ನೆ

ರೀ,

ಕಾರು ಇಲ್ಲವೆಂದು ಗಾಬರಿಯಾಗಬೇಡಿ. ಕಳ್ಳರಲ್ಲ, ನಾನೇ ಒಯ್ಯುತ್ತಿದ್ದೇನೆ. ಇವತ್ತು ಅತ್ತೆಯ ಕಣ್ಣಿನ ಆಪರೇಷನ್ ಅಂತ ವಾರವಿಡೀ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಹ್ಯಾಕರ್‌ಗಳು ಊರವರ ಕಾರುಗಳಿಗೆ ನುಗ್ಗದಂತೆ ಕಾಯುವುದು ನಿಮ್ಮ ಕೆಲಸ, ಒಪ್ಪಿದೆ. ಆದರೆ ನಿನ್ನೆ ನಮ್ಮ ಕಾರಿಗೂ ಹೊಸ ಸಾಫ್ಟ್‌ವೇರ್ ಹಾಕಿ, ನನ್ನ ಫೋನಿಗೆ ಬಾಗಿಲು ತೆಗೆಯದ ಹಾಗೆ ಮಾಡಿ, ಒಂದು ಮಾತೂ ಹೇಳದೆ ಹೋದರೆ ಹೇಗೆ? ನಿಮಗೆ ಫೋನ್ ಮಾಡೋಣವೆಂದರೆ ಅದನ್ನು ಲ್ಯಾಬಿನ ಗೇಟಿನಲ್ಲೇ ಇಟ್ಟು ಒಳಗೆ ಹೋಗಿರುತ್ತೀರಿ. ಅತ್ತೆ ಬೇರೆ ಕಾರಿನ ಪಕ್ಕ ನಿಂತು, "ನನ್ನ ಮಗ ಹಾಕಿದ ಬೀಗ ಕಣಮ್ಮಾ, ಅಷ್ಟು ಸುಲಭಕ್ಕೆ ಬಗ್ಗಲ್ಲ" ಅಂತ ಹೆಮ್ಮೆ ಪಡುತ್ತಿದ್ದರು.

ಕೊನೆಗೆ ಕಾರಿನ ಆ್ಯಪ್ ಒಂದು ಗುಪ್ತ ಪ್ರಶ್ನೆ ಕೇಳಿತು: ಹೆಂಡತಿ ಹುಟ್ಟಿದ ದಿನ ಯಾವುದು? ಹುಟ್ಟಿದವಳು ನಾನೇ ತಾನೆ, ಹಾಕಿದೆ. ತಪ್ಪು ಅಂದಿತು. ಆಮೇಲೆ ತಲೆಗೆ ಹೊಳೆಯಿತು. ನೀವು ಪ್ರತಿ ವರ್ಷ ಕೇಕ್ ತರುವ ದಿನವನ್ನು, ಅಂದರೆ ನನ್ನ ಹುಟ್ಟುಹಬ್ಬದ ಮಾರನೆಯ ದಿನವನ್ನು ಹಾಕಿದೆ. ಬಾಗಿಲು ತೆರೆದುಕೊಂಡಿತು.

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಊರಿಗೆಲ್ಲ ಬೀಗ ಹಾಕುವವರ ಮನೆಯ ಹಿಂಬಾಗಿಲ ಚಿಲಕ ಇನ್ನೂ ಸಡಿಲವೇ ಇದೆ. ಸದ್ಯಕ್ಕೆ ಹಗ್ಗ ಕಟ್ಟಿದ್ದೇನೆ, ಬಿಚ್ಚಬೇಡಿ.

ಆ ಗುಪ್ತ ಉತ್ತರವನ್ನೂ ಬದಲಾಯಿಸಬೇಡಿ. ಪ್ರಪಂಚದ ಯಾವ ಕಳ್ಳನಿಗೂ ಅದು ಹೊಳೆಯುವುದಿಲ್ಲ.

ಕೇಕನ್ನು ಎಂದಿನಂತೆ ನಾಳೆಯೇ ತನ್ನಿ.