ಸೊಂಟಕ್ಕೆ ಕಟ್ಟಿದ ಹಗ್ಗ

ಶಾಂತಣ್ಣ,

ಬೆಳಿಗ್ಗೆ ಐದೂವರೆ. ನಿನ್ನೆ ಸಂಜೆ ನೀನು ಸೌದೆಯಿಂದ ಹೊಡೆದ ಬೈರಣ್ಣನವರ ತಲೆಗೆ ನಾಲ್ಕು ಹೊಲಿಗೆ ಬಿದ್ದಿವೆ.

ಅವರು ನಮಗೆ ಬಂಡೆ ಹತ್ತಲು ಕಲಿಸುವ ಮೇಷ್ಟ್ರು. ಬಂಡೆಯಿಂದ ಜಾರಿದರೆ ಹಿಡಿದು ನಿಲ್ಲಿಸಲೆಂದು ಸೊಂಟಕ್ಕೆ ಹಗ್ಗ ಕಟ್ಟುವುದನ್ನು ನಮ್ಮ ಜಗಲಿಯಲ್ಲಿ ನನಗೆ ಕಲಿಸುತ್ತಿದ್ದರು. ನೀನು ಏನೆಂದು ಕೇಳಲೂ ಇಲ್ಲ. "ನನ್ ತಂಗಿ ಮೈ ಮುಟ್ತೀಯೇನೋ" ಎಂದು ಕೂಗಿ, ಅವರು ಬಿದ್ದ ಮೇಲೂ ಹೊಡೆದೆ.

ಇವತ್ತು ನಮ್ಮ ಕಾಲೇಜಿನ ಹುಡುಗಿಯರನ್ನು ತುರಹಳ್ಳಿ ಬಂಡೆ ಹತ್ತಿಸಲು ಅವರೇ ಬರುತ್ತಾರೆ. "ತಲೆ ಒಡೆದ್ರೇನಮ್ಮ, ಕೈ ನೆಟ್ಟಗಿದೆ" ಎಂದರು.

ಜಗಲಿಯ ರಕ್ತ ನೀನೇ ತೊಳೆ, ಅವ್ವನ ಕೈಲಿ ತೊಳೆಸಬೇಡ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿನ್ನು. ಹತ್ತು ಗಂಟೆಗೆ ಪೊಲೀಸಿನವರು ಬರುತ್ತಾರೆ, ಮನೆಯಲ್ಲೇ ಇರು.

ರಾತ್ರಿ ಠಾಣೆಯಲ್ಲಿ ಎಷ್ಟು ಕೇಳಿದರೂ ಬೈರಣ್ಣನವರು ಹೊಡೆದವನ ಹೆಸರು ಹೇಳಲಿಲ್ಲ. ನಾನು ಹೇಳಿದೆ.

ಗಿರಿಜಾ